ಸೋಮವಾರದ ಸೈಕಲ್

ಕೇಳುಗರೆಲ್ಲರಿಗೂ ನಮಸ್ಕಾರ.

ಈಗ ಬೆಳಿಗ್ಗೆ ಏಳೂಮುಕ್ಕಾಲು. ನಿಮ್ಮಲ್ಲಿ ಹಲವರ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿರಬಹುದು, ಊಟದ ಡಬ್ಬಿ ತುಂಬುತ್ತಿರಬಹುದು. ಇನ್ನು ಅರ್ಧ ಗಂಟೆಯಲ್ಲಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಸ್ಕೂಟರ್ ಕೀಲಿಗೆ ಕೈ ಹಾಕುತ್ತೀರಿ. ಆ ಕೈ ಕೀಲಿಯನ್ನು ಮುಟ್ಟುವ ಮೊದಲು ನಿಮ್ಮೊಡನೆ ನಾಲ್ಕು ಮಾತಾಡಬೇಕು ಎಂಬ ಆಸೆಯಿಂದಲೇ ಈ ಹೊತ್ತಿನ ರೇಡಿಯೋ ಭಾಷಣಕ್ಕೆ ಒಪ್ಪಿಕೊಂಡೆ.

ಜೂನ್ 3ನ್ನು ವಿಶ್ವ ಬೈಸಿಕಲ್ ದಿನ ಎಂದು ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿತು. ಆ ದಿನ ಬಂತೆಂದರೆ ಊರೂರಲ್ಲಿ ಜಾಥಾ ಹೊರಡುತ್ತದೆ. ಒಂದೇ ಬಣ್ಣದ ಅಂಗಿ ತೊಟ್ಟು ನೂರಾರು ಜನ ಸೈಕಲ್ ತುಳಿಯುತ್ತಾರೆ, ಉಪ್ಪಿಟ್ಟು ಕಾಫಿ ಆಗುತ್ತದೆ, ಚಿತ್ರ ತೆಗೆಸಿಕೊಳ್ಳುತ್ತಾರೆ. ಸಂತೋಷ. ಆದರೆ ಮರುದಿನ ಬೆಳಿಗ್ಗೆ ಅದೇ ಜನ ಅದೇ ರಸ್ತೆಯಲ್ಲಿ ಸ್ಕೂಟರ್ ಮೇಲೆ ಕುಳಿತು ಸಿಗ್ನಲ್‌ನಲ್ಲಿ ಹೊಗೆ ಕುಡಿಯುತ್ತಾ ನಿಂತಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ನಾನು ಕೇಳುತ್ತಿರುವುದು ಸೋಮವಾರದ ಸೈಕಲ್ಲನ್ನು. ಕಚೇರಿಗೆ, ಅಂಗಡಿಗೆ, ಶಾಲೆಗೆ, ಕಾರ್ಖಾನೆಗೆ ಹೋಗುವ ಸೈಕಲ್ಲನ್ನು. ಕೆಲಸದ ಜಾಗ ಮನೆಯಿಂದ ಐದು ಕಿಲೋಮೀಟರ್ ಒಳಗಿದ್ದರೆ ಸೈಕಲ್ಲಿನಲ್ಲಿ ಹೋಗಿ. ಇಷ್ಟೇ ನನ್ನ ಮಾತು. ಮುಂದೆ ಹೇಳುವುದೆಲ್ಲ ಇದರ ವಿವರಣೆ.

ನಾನು ಫಿಸಿಯೋಥೆರಪಿಸ್ಟ್. ಮಂಡಿ, ಸೊಂಟ, ಬೆನ್ನು, ಕುತ್ತಿಗೆ ಇವೇ ನನ್ನ ದಿನವಿಡೀ ಕೆಲಸ. ಮೈಸೂರಿನ ವಿ.ವಿ. ಮೊಹಲ್ಲಾದ ಮನೆಯಿಂದ ಸರಸ್ವತಿಪುರಂನಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಇಪ್ಪತ್ತೆರಡು ವರ್ಷಗಳಿಂದ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದೇನೆ. ಆದ್ದರಿಂದ ಲೆಕ್ಕವನ್ನು ನನ್ನ ಕಸುಬಿನಿಂದಲೇ ಶುರು ಮಾಡುತ್ತೇನೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಷ್ಟು ದುಡಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ರೋಗಿಗಳಿಗೆ ಇದನ್ನು ಹೇಳಿದರೆ ಎಲ್ಲರದೂ ಒಂದೇ ಉತ್ತರ: ಪುರುಸೊತ್ತಿಲ್ಲ ಡಾಕ್ಟರೇ. ಸರಿ, ನಿಮ್ಮ ಕಚೇರಿ ನಾಲ್ಕು ಕಿಲೋಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅವಸರವಿಲ್ಲದೆ ತುಳಿದರೂ ಇಪ್ಪತ್ತು ನಿಮಿಷ. ಹೋಗಿ ಬರಲು ನಲವತ್ತು. ಐದು ದಿನಕ್ಕೆ 200 ನಿಮಿಷ. ವಾರದ ವ್ಯಾಯಾಮ ಮುಗಿದು ಮೇಲೆ ಐವತ್ತು ನಿಮಿಷ ಉಳಿತಾಯ. ಈ ವ್ಯಾಯಾಮಕ್ಕೆಂದು ನೀವು ಬೇರೆ ಹೊತ್ತು ತೆಗೆದಿಡಬೇಕಾಗಿಲ್ಲ. ಹೇಗೂ ಕೆಲಸಕ್ಕೆ ಹೋಗಲೇಬೇಕಲ್ಲ?

ಇನ್ನು ಮಂಡಿಯ ವಿಷಯ. ಸೈಕಲ್ ತುಳಿದರೆ ಮಂಡಿ ಸವೆಯುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಜನರ ಬಾಯಲ್ಲಿದೆ. ಅದು ತಪ್ಪು. ನಡೆಯುವಾಗ, ಮೆಟ್ಟಿಲು ಹತ್ತುವಾಗ ದೇಹದ ತೂಕವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಆ ತೂಕವನ್ನು ಸೀಟು ಹೊರುತ್ತದೆ. ಮಂಡಿ ಹಗುರಾಗಿ ಮಡಚಿ ಬಿಡಿಸುತ್ತಾ ಇರುತ್ತದೆ, ಕೀಲಿನೊಳಗಿನ ದ್ರವ ಎಲ್ಲ ಕಡೆಗೂ ಹರಡುತ್ತದೆ, ತೊಡೆಯ ಸ್ನಾಯು ಗಟ್ಟಿಯಾಗುತ್ತದೆ. ನೋವು ಬಂದರೆ ಹೆಚ್ಚಿನ ಸಲ ಕಾರಣ ಸೈಕಲ್ಲಲ್ಲ, ಸೀಟಿನ ಎತ್ತರ. ಇದಕ್ಕೆ ಒಂದು ಪ್ರಸಂಗ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಒಬ್ಬರು ನನ್ನ ಬಳಿ ಬಂದರು. ವಯಸ್ಸು ನಲವತ್ತೇಳು. ಮನೆ ಕುವೆಂಪುನಗರ, ಕೆಲಸ ದೇವರಾಜ ಅರಸು ರಸ್ತೆಯ ಹತ್ತಿರ. ಸಕ್ಕರೆ ಕಾಯಿಲೆ ಆಗಷ್ಟೇ ಗೊತ್ತಾಗಿತ್ತು. ಯಾರೋ ಹೇಳಿದರೆಂದು ಮಗಳ ಹಳೆಯ ಸೈಕಲ್ಲನ್ನು ಹೊರಗೆ ತೆಗೆದು ಹತ್ತು ದಿನ ಬ್ಯಾಂಕಿಗೆ ತುಳಿದಿದ್ದರು. ಹನ್ನೊಂದನೆಯ ದಿನ ಎರಡೂ ಮಂಡಿ ಹಿಡಿದುಕೊಂಡು ಕುಳಿತುಬಿಟ್ಟರು. "ಮೇಡಂ, ಸೈಕಲ್ ನಮ್ಮಂಥವರಿಗಲ್ಲ" ಎಂದರು. ನಾನು ಅವರ ಮಂಡಿಯನ್ನು ಮುಟ್ಟುವ ಮೊದಲು, "ನಾಳೆ ಸೈಕಲ್ಲನ್ನು ಕರೆದುಕೊಂಡು ಬನ್ನಿ" ಎಂದೆ. ಅವರಿಗೆ ಆಶ್ಚರ್ಯ. ಮಾರನೆಯ ದಿನ ಸೈಕಲ್ಲನ್ನು ತಳ್ಳಿಕೊಂಡೇ ಬಂದರು.

ಗೇಟಿನ ಬಳಿ ಹತ್ತಿ ಕುಳಿತುಕೊಳ್ಳಿ ಎಂದೆ. ಕುಳಿತರು. ಎರಡೂ ಅಂಗಾಲು ನೆಲಕ್ಕೆ ಪೂರ್ತಿ ಊರಿದ್ದವು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತ ಹಾಗೆ. ಪೆಡಲ್ ಮೇಲೆ ಬಂದಾಗ ಮಂಡಿ ಹ್ಯಾಂಡಲ್ಲಿಗೆ ತಾಗುವಂತಿತ್ತು. ಸೀಟು ತಳ ಮುಟ್ಟುವಷ್ಟು ಇಳಿದಿತ್ತು. ಎಂಟನೇ ತರಗತಿಯ ಹುಡುಗಿಗೆ ಇಟ್ಟಿದ್ದ ಎತ್ತರ, ಯಾರೂ ಮುಟ್ಟಿರಲಿಲ್ಲ. ಅಷ್ಟು ಮಡಚಿದ ಮಂಡಿಯಿಂದ ಒತ್ತಿ ತುಳಿದರೆ ಚಿಪ್ಪು ಕೆಳಗಿನ ಎಲುಬಿಗೆ ಒತ್ತುತ್ತದೆ. ದಿನಕ್ಕೆ ಸಾವಿರಾರು ಸಲ. ನೋಯದೆ ಇನ್ನೇನು?

ಬೀದಿಯ ತುದಿಯಲ್ಲಿ ಒಂದು ಸೈಕಲ್ ಶಾಪ್ ಇತ್ತು. ಅಲ್ಲಿಗೇ ಕರೆದುಕೊಂಡು ಹೋದೆ. ಸೀಟಿನ ಕಂಬ ಫ್ರೇಮಿನೊಳಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ಅಂಗಡಿಯ ಯಜಮಾನರು ಸ್ಪ್ಯಾನರ್ ಹಾಕಿ ನಟ್ಟನ್ನು ಸಡಿಲಿಸಿದರು. ಸಂದಿಗೆ ಸೀಮೆಎಣ್ಣೆ ಬಿಟ್ಟು ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಮರದ ಕೊರಡಿನಿಂದ ಸೀಟನ್ನು ಎಡಕ್ಕೊಂದು ಬಲಕ್ಕೊಂದು ಏಟು ಹಾಕುತ್ತಾ ಬಂದರು. ಕಿರ್ರೆಂದು ಸದ್ದಾಗಿ ಕಂಬ ಒಂದಂಗುಲ ತಿರುಗಿತು. ಕೆಂಪು ಪುಡಿ ಉದುರಿತು. ನಾನು, "ಇನ್ನೂ ಮೇಲೆ, ಇನ್ನೂ ಮೇಲೆ" ಎನ್ನುತ್ತಲೇ ಇದ್ದೆ. ನಾಲ್ಕು ಬೆರಳಿನಷ್ಟು ಮೇಲೆ ಬಂದ ಮೇಲೆ ಬಿಗಿ ಮಾಡಿಸಿದೆ.

ಈ ಅಳತೆಯನ್ನು ದಯವಿಟ್ಟು ಗಮನವಿಟ್ಟು ಕೇಳಿ. ಗೋಡೆ ಹಿಡಿದು ಸೈಕಲ್ ಮೇಲೆ ಕುಳಿತುಕೊಳ್ಳಿ. ಒಂದು ಪೆಡಲ್ಲನ್ನು ಪೂರ್ತಿ ಕೆಳಗೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಆಗ ನಿಮ್ಮ ಕಾಲು ನೇರವಾಗಿರಬೇಕು. ಅಷ್ಟೇ. ನಿಜವಾಗಿ ತುಳಿಯುವಾಗ ಹಿಮ್ಮಡಿಯಿಂದ ತುಳಿಯುವುದಿಲ್ಲ, ಪಾದದ ಮುಂಭಾಗದಿಂದ ತುಳಿಯುತ್ತೀರಿ. ಆಗ ಮಂಡಿ ಸ್ವಲ್ಪವೇ ಮಡಚಿರುತ್ತದೆ. ಅದು ಸರಿಯಾದ ಎತ್ತರ.

ಗುಮಾಸ್ತರಿಗೆ ಹೆದರಿಕೆಯಾಯಿತು. "ಕಾಲು ನೆಲಕ್ಕೆ ಸಿಗುವುದಿಲ್ಲವಲ್ಲ ಮೇಡಂ, ಬಿದ್ದರೆ?" ಎಂದರು. ನಿಲ್ಲಬೇಕಾದಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲು ಊರಬೇಕು, ಹೊರಡುವಾಗ ಮೇಲಿರುವ ಪೆಡಲ್ಲನ್ನು ಒತ್ತಿ ಎದ್ದು ಕುಳಿತುಕೊಳ್ಳಬೇಕು ಎಂದು ತೋರಿಸಿಕೊಟ್ಟೆ. ಆ ಸಂಜೆ ನಮ್ಮ ಬೀದಿಯಲ್ಲಿ ಹತ್ತು ಸಲ ಹತ್ತಿಸಿ ಇಳಿಸಿದೆ. ಎದುರು ಮನೆಯ ಮಕ್ಕಳು ಕಾಂಪೌಂಡ್ ಮೇಲೆ ಕುಳಿತು ಎಣಿಸಿದರು. ಹನ್ನೊಂದನೆಯ ಸಲಕ್ಕೆ ಗುಮಾಸ್ತರು ನಿಲ್ಲಲಿಲ್ಲ. ಬೀದಿಯ ಕೊನೆಯವರೆಗೂ ಹೋಗಿ, ತಿರುಗಿ, ಬೆಲ್ ಬಾರಿಸುತ್ತಾ ಬಂದರು. ಮುಖ ನೋಡಬೇಕಿತ್ತು.

ಮಂಡಿಗೆ ಎರಡು ವಾರ ವಿಶ್ರಾಂತಿ, ಸ್ವಲ್ಪ ವ್ಯಾಯಾಮ. ಮೂರನೆಯ ವಾರ ಮತ್ತೆ ಬ್ಯಾಂಕಿಗೆ ಸೈಕಲ್ಲಿನಲ್ಲೇ ಹೊರಟರು. ಈಗಲೂ ಹೋಗುತ್ತಾರೆ. ಆರು ತಿಂಗಳ ನಂತರ ಒಂದು ದಿನ ಬಂದು ಸಕ್ಕರೆಯ ವರದಿ ತೋರಿಸಿದರು. ಸಂಖ್ಯೆ ಇಳಿದಿತ್ತು. ಇದರಲ್ಲಿ ಪವಾಡವಿಲ್ಲ. ತೊಡೆ ಮತ್ತು ಸೊಂಟದ ಕೆಳಗಿನ ಸ್ನಾಯುಗಳು ದೇಹದಲ್ಲೇ ದೊಡ್ಡವು. ಅವು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ತಾವೇ ಎಳೆದುಕೊಂಡು ಉರಿಸುತ್ತವೆ. ಬೆಳಿಗ್ಗೆ ತಿಂಡಿಯಾದ ಮೇಲೊಮ್ಮೆ, ಸಂಜೆಯೊಮ್ಮೆ, ದಿನಕ್ಕೆ ಎರಡು ಸಲ. ಆದರೆ ಅವರು ಆ ದಿನ ವರದಿಯ ಬಗ್ಗೆ ಹೆಚ್ಚು ಮಾತಾಡಲಿಲ್ಲ. "ಮೇಡಂ, ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿ ಅಷ್ಟು ದೊಡ್ಡ ಮರಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ" ಎಂದರು. ಹದಿನೆಂಟು ವರ್ಷ ಅದೇ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ್ದ ಮನುಷ್ಯ.

ನಾನು ಸುಖ ಎನ್ನುವುದು ಇದನ್ನೇ. ಸೈಕಲ್ಲಿನ ವೇಗ ಕಣ್ಣು ಮೂಗುಗಳಿಗೆ ಹೇಳಿ ಮಾಡಿಸಿದ ವೇಗ. ಕಾಫಿಪುಡಿ ಅಂಗಡಿಯಲ್ಲಿ ಬೀಜ ಹುರಿಯುವ ವಾಸನೆ ಬಂದರೆ ಅದರೊಳಗೆ ಹತ್ತು ಸೆಕೆಂಡು ಇರುತ್ತೀರಿ. ಕುಕ್ಕರಹಳ್ಳಿ ಕೆರೆ ಹತ್ತಿರವಾಗುತ್ತಿದ್ದಂತೆ ಗಾಳಿ ತಣ್ಣಗಾಗುವುದು ಕೆನ್ನೆಗೆ ತಿಳಿಯುತ್ತದೆ. ಹೆಜ್ಜಾರ್ಲೆ ಹಕ್ಕಿಗಳು ಕೆರೆಯ ಮೇಲೆ ಸುತ್ತುತ್ತಾ ಇಳಿಯುವುದನ್ನು ನಾನು ದಿನವೂ ನೋಡುತ್ತೇನೆ, ಇವತ್ತಿಗೂ ಸಾಕಾಗಿಲ್ಲ. ಇಳಿಜಾರು ಬಂತೆಂದರೆ ತುಳಿಯುವುದನ್ನು ನಿಲ್ಲಿಸಿಬಿಡಿ. ಹಿಂದಿನ ಚಕ್ರದ ಫ್ರೀವೀಲ್ ಟಿಕ್ ಟಿಕ್ ಟಿಕ್ ಎನ್ನುತ್ತದೆ, ಗಾಳಿ ತೋಳಿನೊಳಗೆ ತುಂಬುತ್ತದೆ. ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತ ತಲೆಮಾರಿನವರಿಗೆ ಆ ಸದ್ದು ಏನೆಂದು ನಾನು ಹೇಳಬೇಕಾಗಿಲ್ಲ.

ಕಚೇರಿ ತಲುಪಿದಾಗಲೂ ವ್ಯತ್ಯಾಸ ಕಾಣುತ್ತದೆ. ರಕ್ತ ಓಡಾಡಿ ತಲೆ ತಿಳಿಯಾಗಿರುತ್ತದೆ. ಸಂಜೆ ಮರಳುವಾಗ ಕಚೇರಿಯ ಸಿಡಿಮಿಡಿಯೆಲ್ಲ ಪೆಡಲ್ಲಿಗೆ ಇಳಿದು, ಮನೆ ಸೇರುವ ಹೊತ್ತಿಗೆ ಕರಗಿರುತ್ತದೆ. ಮನೆಯವರಿಗೂ ಅದರ ಲಾಭ ಉಂಟು. ದುಡ್ಡಿನ ಲೆಕ್ಕ ನಿಮಗೇ ಬಿಡುತ್ತೇನೆ. ಪೆಟ್ರೋಲಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ನಿಮಗೆ ಗೊತ್ತು.

ನನಗೆ ಕೊಟ್ಟ ಸಮಯ ಆಗಲೇ ಮುಕ್ಕಾಲು ಕಳೆದಿದೆ ಎಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬೆವರು ಬರುತ್ತದೆ ಎನ್ನುವವರಿಗೆ: ಹತ್ತು ನಿಮಿಷ ಮೊದಲು ಹೊರಡಿ, ನಿಧಾನವಾಗಿ ತುಳಿಯಿರಿ. ಬ್ಯಾಗನ್ನು ಬೆನ್ನಿಗೆ ಹಾಕಿಕೊಳ್ಳಬೇಡಿ, ಕ್ಯಾರಿಯರ್‌ಗೆ ಕಟ್ಟಿ. ಅಂಗಿ ಒದ್ದೆಯಾಗುವುದು ಬ್ಯಾಗಿನ ಕೆಳಗೇ. ಟೈರಿನಲ್ಲಿ ಗಾಳಿ ಗಟ್ಟಿಯಾಗಿರಲಿ. ಹೆಬ್ಬೆರಳಿನಿಂದ ಒತ್ತಿದರೆ ತಗ್ಗಬಾರದು. ಗಾಳಿ ಇಳಿದ ಸೈಕಲ್ ತುಳಿದು ಸುಸ್ತಾಗಿ, ನನಗೆ ಶಕ್ತಿಯಿಲ್ಲ ಎಂದುಕೊಳ್ಳುವವರು ಎಷ್ಟೋ ಜನ. ಅವರಿಗೆ ಬೇಕಾಗಿದ್ದದ್ದು ಪಂಪು.

ವಾಹನಗಳ ಭಯ ಇರುವವರಿಗೆ: ರಸ್ತೆಯ ಅಂಚಿನ ಚರಂಡಿಗೆ ಅಂಟಿಕೊಂಡು ಹೋಗಬೇಡಿ. ಅಂಚಿನಿಂದ ಸುಮಾರು ಮೂರು ಅಡಿ ಈಚೆ, ನೇರವಾಗಿ, ಹಾವಿನಂತೆ ಹೊರಳದೆ ಹೋಗಿ. ನಿಂತ ಕಾರುಗಳಿಂದ ದೂರವಿರಿ, ಬಾಗಿಲು ತಟ್ಟನೆ ತೆರೆಯುತ್ತದೆ. ತಿರುಗುವ ಮೊದಲು ಕೈ ತೋರಿಸಿ. ಕತ್ತಲಾದ ಮೇಲೆ ಹಿಂದೆ ಕೆಂಪು ದೀಪ ಬೇಕೇ ಬೇಕು. ದೊಡ್ಡ ರಸ್ತೆಯೇ ಆಗಬೇಕೆಂದಿಲ್ಲ. ಒಳಬೀದಿಗಳು ನಿಮಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು?

ಹೆಣ್ಣುಮಕ್ಕಳಿಗೆ ಒಂದು ಮಾತು. ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006–07ರಲ್ಲಿ ಶುರುವಾಯಿತು. ಆಗ ಲಂಗ ರವಿಕೆಯಲ್ಲೋ ಚೂಡಿದಾರದಲ್ಲೋ ಶಾಲೆಗೆ ಸೈಕಲ್ ತುಳಿದ ಹುಡುಗಿಯರು ಈಗ ಮೂವತ್ತು ದಾಟಿದ್ದಾರೆ. ಕಚೇರಿಗಳಲ್ಲಿ, ಅಂಗನವಾಡಿಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುತ್ತಿದ್ದಾರೆ. ತಂಗಿಯರೇ, ನಿಮಗೆ ಸೈಕಲ್ ಬರುತ್ತದೆ. ಒಮ್ಮೆ ಕಲಿತ ಕಾಲು ಅದನ್ನು ಮರೆಯುವುದಿಲ್ಲ. ಸೀರೆಯಾದರೆ ಚೈನಿಗೆ ಪೂರ್ತಿ ಮುಚ್ಚುವ ಕವರ್ ಹಾಕಿಸಿ, ಹಿಂದಿನ ಚಕ್ರದ ಎರಡೂ ಕಡೆ ಬಲೆ ಕಟ್ಟಿಸಿ.

ಸ್ವಂತ ಸೈಕಲ್ ಇಲ್ಲದಿದ್ದರೂ ಕೆಲಸಕ್ಕೆ ತುಳಿದುಕೊಂಡು ಹೋಗುವ ದಾರಿಯೊಂದನ್ನು ನಮ್ಮ ಮೈಸೂರು 2017ರಲ್ಲಿ ತೋರಿಸಿತು. ಟ್ರಿನ್ ಟ್ರಿನ್ ಹೆಸರಿನಲ್ಲಿ 450 ಸೈಕಲ್‌ಗಳು ಬೀದಿಗೆ ಬಂದವು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ವ್ಯವಸ್ಥೆ. ಅದರ ಬಗ್ಗೆಯೇ ಒಂದು ಇಡೀ ಭಾಷಣ ಮಾಡಬಹುದು, ಆದರೆ ಈಗ ಆಗದು.

ಮಳೆಗಾಲ ಕಾಲಿಟ್ಟಿದೆ. ಮಡ್‌ಗಾರ್ಡ್ ಇರಲಿ, ಮಳೆಕೋಟು ಕ್ಯಾರಿಯರ್‌ನಲ್ಲಿರಲಿ. ನೆನೆದು ಬಂದ ದಿನ ಚೈನನ್ನು ಹಳೆಯ ಬಟ್ಟೆಯಿಂದ ಒರೆಸಿ ಎರಡು ಹನಿ ಎಣ್ಣೆ ಬಿಡಿ. ಬ್ರೇಕನ್ನು ಒಣದಿನಕ್ಕಿಂತ ಮೊದಲೇ ಹಿಡಿಯಿರಿ.

ಕೊನೆಯದಾಗಿ ಮತ್ತೆ ಅದೇ ಮಾತು. ಐದು ಕಿಲೋಮೀಟರ್ ಒಳಗಿದ್ದರೆ ಸೈಕಲ್. ಇವತ್ತು ಶನಿವಾರ. ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿರುವ ಸೈಕಲ್ಲನ್ನು ಸಂಜೆ ಹೊರಗೆ ತೆಗೆಯಿರಿ. ಹತ್ತಿರದ ಸೈಕಲ್ ಶಾಪ್‌ಗೆ ತಳ್ಳಿಕೊಂಡು ಹೋಗಿ. ಗಾಳಿ ತುಂಬಿಸಿ, ಬ್ರೇಕು ನೋಡಿಸಿ, ಸೀಟನ್ನು ಹಿಮ್ಮಡಿಯ ಅಳತೆಗೆ ಎತ್ತರಿಸಿ. ನಾಳೆ ರಸ್ತೆ ಖಾಲಿಯಿರುವಾಗ ಕಚೇರಿಯವರೆಗೆ ಒಮ್ಮೆ ಹೋಗಿ ಬನ್ನಿ, ಎಷ್ಟು ನಿಮಿಷ ಹಿಡಿಯಿತು ನೋಡಿಕೊಳ್ಳಿ. ಸೋಮವಾರ ಎಂಟೂವರೆಗೆ ಕುಕ್ಕರಹಳ್ಳಿ ಕೆರೆಯ ಪಕ್ಕ ನೀಲಿ ಸೈಕಲ್ಲಿನಲ್ಲಿ, ಮುಂದಿನ ಬುಟ್ಟಿಯಲ್ಲಿ ಊಟದ ಡಬ್ಬಿ ಇಟ್ಟುಕೊಂಡು ನಾನು ಬರುತ್ತಿರುತ್ತೇನೆ. ಕಂಡರೆ ಬೆಲ್ ಮಾಡಿ.

ನಮಸ್ಕಾರ.