ಒಂದೇ ರೆಕಾರ್ಡು, ಎರಡು ಹೆಸರು

ನಮಸ್ಕಾರ. ಇವತ್ತು ಪೀಠಿಕೆ ಬೇಡ, ನೇರವಾಗಿ ಒಂದು ರೆಕಾರ್ಡಿನ ಕಥೆಗೆ ಬರ್ತೀನಿ.

1930ನೇ ಇಸವಿ. ಅಮೆರಿಕದ ಟೆನೆಸಿ ರಾಜ್ಯ, ನಾಕ್ಸ್‌ವಿಲ್ ಊರು. ಅಲ್ಲಿನ ಸೇಂಟ್ ಜೇಮ್ಸ್ ಹೋಟೆಲಿನಲ್ಲಿ ವೊಕ್ಯಾಲಿಯನ್ ಅನ್ನೋ ರೆಕಾರ್ಡ್ ಕಂಪನಿಯವರು ಯಂತ್ರ ತಂದಿಟ್ಟುಕೊಂಡು ಕೂತಿದ್ದಾರೆ. ಸುತ್ತಮುತ್ತಲಿನ ಹಾಡುಗಾರರು, ವಾದ್ಯಗಾರರು ಬಂದು ಹೋಗ್ತಿದ್ದಾರೆ. ಹಾಗೆ ಬಂದವರಲ್ಲಿ ಮೂವರು ಕಪ್ಪು ಹುಡುಗರು. ಪಿಟೀಲು ಹಿಡಿದವನು ಹೊವರ್ಡ್ ಆರ್ಮ್‌ಸ್ಟ್ರಾಂಗ್, ಜೊತೆಗೆ ಅವನ ಸೋದರ ರೋಲಂಡ್, ಇನ್ನೊಬ್ಬ ಕಾರ್ಲ್ ಮಾರ್ಟಿನ್. ಎರಡು ಪೀಸ್ ನುಡಿಸಿದ್ರು, ಎದ್ದು ಹೋದ್ರು.

ಆ ರೆಕಾರ್ಡು ಅಂಗಡಿಗೆ ಬಂದಾಗ ಅದರ ಮೇಲಿದ್ದ ಹೆಸರು 'ಟೆನೆಸಿ ಚಾಕೊಲೇಟ್ ಡ್ರಾಪ್ಸ್'. ಕಪ್ಪು ಜನರಿಗೆ ಮಾರೋಕೆ ಅಂತ ಕಂಪನಿ ಇಟ್ಟುಕೊಂಡಿದ್ದ ಪಟ್ಟಿಯಲ್ಲಿ ಅದು ಬಂತು. ಅದೇ ರೆಕಾರ್ಡನ್ನ, ಒಂದು ಸ್ವರವೂ ಆಚೀಚೆ ಮಾಡದೆ, ಬಿಳಿಯರಿಗೆ ಮಾರೋ ಬೆಟ್ಟದ ಹಾಡುಗಳ ಪಟ್ಟಿಯಲ್ಲೂ ಹಾಕಿದ್ರು. ಅಲ್ಲಿ ಹೆಸರು 'ಟೆನೆಸಿ ಟ್ರಿಯೊ'. ಕೊಂಡವರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗೋದಾದ್ರೂ ಹೇಗೆ? ಕಿವಿಗೆ ಕೇಳಿಸೋದು ಪಿಟೀಲು, ಗಿಟಾರು. ಚರ್ಮದ ಬಣ್ಣ ಕೇಳಿಸಲ್ವಲ್ಲ.

ಅಮೆರಿಕದ ಪೂರ್ವಕ್ಕಿರೋ ಅಪಲಾಚಿಯನ್ ಬೆಟ್ಟಗಳ ಹಳೆಯ ಸಂಗೀತ, ಅಲ್ಲಿನವರು ಓಲ್ಡ್‌ಟೈಮ್ ಅಂತಾರಲ್ಲ ಅದು, ಮತ್ತೆ ಅದರ ಬೆನ್ನಿಗೆ ಬಂದ ಬ್ಲೂಗ್ರಾಸ್, ಇವೆರಡರ ಮೇಲೂ ನನಗೆ ವಿಪರೀತ ಪ್ರೀತಿ. ಆದರೆ ಅದರ ಬಗ್ಗೆ ಎಲ್ಲರೂ ಒಪ್ಪಿಸೋ ಒಂದು ಪಾಠ ಇದೆ. ಸ್ಕಾಟ್ಲೆಂಡು, ಐರ್ಲೆಂಡಿನಿಂದ ಬಂದ ಬಿಳಿಯರು ಬೆಟ್ಟದ ಸಂದಿಗೊಂದಿಯಲ್ಲಿ ಹೊರಗಿನವರ ಸೋಂಕಿಲ್ಲದೆ ಕಾಪಾಡಿಕೊಂಡು ಬಂದ ಸಂಗೀತ ಇದು ಅಂತ. ನನ್ನ ವಾದ ಇಷ್ಟೇ: ಈ ಪಾಠ ಬೆಟ್ಟದಲ್ಲಿ ಹುಟ್ಟಿದ್ದಲ್ಲ. ರೆಕಾರ್ಡ್ ಕಂಪನಿಗಳ ಮಾರಾಟ ಪಟ್ಟಿಯಲ್ಲಿ ಹುಟ್ಟಿದ್ದು. ನಾವು ಇವತ್ತಿಗೂ ಆ ಪಟ್ಟಿಯನ್ನೇ ಇತಿಹಾಸ ಅಂತ ಓದ್ತಿದ್ದೀವಿ.

ಮೊದಲು ಬ್ಯಾಂಜೋ. ಈ ಸಂಗೀತದ ಗುರುತೇ ಅದು. ಸೋರೆಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿದ ವಾದ್ಯಗಳು ಪಶ್ಚಿಮ ಆಫ್ರಿಕಾದವು. ಗುಲಾಮರಾಗಿ ಹಡಗು ಹತ್ತಿಸಿಕೊಂಡು ಬಂದವರ ಕೈಯಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ, ಆಮೇಲೆ ಅಮೆರಿಕದ ತೋಟಗಳಲ್ಲಿ ಅದು ಬ್ಯಾಂಜೋ ಆಯ್ತು. ಅಂದಮೇಲೆ 'ಹೊರಗಿನವರ ಸೋಂಕಿಲ್ಲದೆ' ಅನ್ನೋ ಮಾತು ಶುರುವಿನಲ್ಲೇ ಬಿದ್ದುಹೋಯ್ತು.

ಇನ್ನು ಪಟ್ಟಿಗಳ ವಿಷಯ. 1920ರಲ್ಲಿ ಓಕೆ ಕಂಪನಿ ಮೇಮಿ ಸ್ಮಿತ್ ಅನ್ನೋ ಕಪ್ಪು ಗಾಯಕಿಯ ಬ್ಲೂಸ್ (ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಶೈಲಿ) ರೆಕಾರ್ಡ್ ಹೊರತಂತು. ಮಾರಾಟವೋ ಮಾರಾಟ. ಓಹೋ, ಇಲ್ಲೊಂದು ಮಾರುಕಟ್ಟೆ ಇದೆ ಅಂತ ಕಂಪನಿಗಳಿಗೆ ಗೊತ್ತಾಯ್ತು. 1923ರಲ್ಲಿ ಅದೇ ಓಕೆ ಕಂಪನಿಯ ರಾಲ್ಫ್ ಪೀರ್ ಅಟ್ಲಾಂಟಾಕ್ಕೆ ಹೋಗಿ ಫಿಡ್ಲಿನ್ ಜಾನ್ ಕಾರ್ಸನ್ ಅನ್ನೋ ಬಿಳಿ ಪಿಟೀಲುಗಾರನ ಹಾಡು ಮುದ್ರಿಸಿದ. ಪೀರ್‌ಗೆ ಆ ಹಾಡು ಒಂಚೂರೂ ಹಿಡಿಸಲಿಲ್ಲ, ಇಷ್ಟು ಕೆಟ್ಟದಾಗಿ ಯಾರಾದ್ರೂ ಹಾಡ್ತಾರಾ ಅಂದುಕೊಂಡ. ಸ್ಥಳೀಯ ವ್ಯಾಪಾರಿ ಪೋಲ್ಕ್ ಬ್ರಾಕ್‌ಮನ್ ಮಾತ್ರ ಹಟ ಹಿಡಿದು 500 ಪ್ರತಿ ತರಿಸಿಕೊಂಡ. ನೋಡ್ತಾ ನೋಡ್ತಾ ಖಾಲಿ. ಅಲ್ಲಿಗೆ ಎರಡನೇ ಮಾರುಕಟ್ಟೆಯೂ ಸಿಕ್ತು.

ಕೊಲಂಬಿಯಾದವರು ಇದನ್ನ ಅಚ್ಚುಕಟ್ಟು ಮಾಡಿದ್ರು: 14000 ಸಂಖ್ಯೆಯ ಸರಣಿ ಕಪ್ಪು ಜನರಿಗೆ, 15000 ಸಂಖ್ಯೆಯ ಸರಣಿ ದಕ್ಷಿಣದ ಬಿಳಿಯರಿಗೆ. ಇದರಿಂದ ಏನಾಯ್ತು ಗೊತ್ತಾ? ಕಪ್ಪು ಪಿಟೀಲುಗಾರ ಬಂದ್ರೆ, "ನಿನ್ನ ಹತ್ರ ಬ್ಲೂಸ್ ಇದ್ಯಾ?" ಅನ್ನೋದೇ ಕಂಪನಿಯ ಪ್ರಶ್ನೆ. ಅವನು ಶನಿವಾರ ರಾತ್ರಿ ಕುಣಿತಕ್ಕೆ ನುಡಿಸ್ತಿದ್ದ ಹಳೇ ಟ್ಯೂನು ಆ ಪಟ್ಟಿಗೆ ಬೇಕಿರಲಿಲ್ಲ. ಹಾಗಾಗಿ ಅದು ಮುದ್ರಣ ಆಗಿದ್ದೇ ಅಪರೂಪ. ಇವತ್ತು ನಾವು ಹಳೇ ರೆಕಾರ್ಡುಗಳನ್ನ ಗುಡ್ಡೆ ಹಾಕಿಕೊಂಡು, "ನೋಡಿ, ಪಿಟೀಲು ಬ್ಯಾಂಜೋ ಎಲ್ಲ ಬಿಳಿಯರದ್ದೇ" ಅಂತೀವಿ.

ಈಗ ಬ್ರಿಸ್ಟಲ್‌ಗೆ ಬರೋಣ. ಇಂಥ ಹಾಡುಗಳಿಂದಲೇ ಬೆಳೆದ ಕಂಟ್ರಿ ಸಂಗೀತದ ಮಹಾಸ್ಫೋಟ ಅಂತ ಕರೆಯೋದು ಇಲ್ಲಿ ನಡೆದ ಮುದ್ರಣವನ್ನೇ. ಬ್ರಿಸ್ಟಲ್ ಊರಿನ ಮುಖ್ಯ ಬೀದಿಯ ನಡುವೆಯೇ ಗಡಿ ಹಾದುಹೋಗುತ್ತೆ, ಒಂದು ಪಕ್ಕ ಟೆನೆಸಿ, ಇನ್ನೊಂದು ಪಕ್ಕ ವರ್ಜೀನಿಯಾ. 1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ಅದೇ ಪೀರ್, ಈ ಸಲ ವಿಕ್ಟರ್ ಕಂಪನಿಯ ಪರವಾಗಿ, ಹ್ಯಾಟ್ ಕಂಪನಿಯೊಂದರ ಕಟ್ಟಡದಲ್ಲಿ ಯಂತ್ರ ಹೂಡಿದ. 19 ತಂಡಗಳು, 76 ಮುದ್ರಣಗಳು. ಮೊದಮೊದಲು ಜನ ಹೆಚ್ಚು ಬರಲಿಲ್ಲ. ಆಗ ಊರಿನ ಪತ್ರಿಕೆಯಲ್ಲೊಂದು ಸುದ್ದಿ ಬಂತು: ಅರ್ನೆಸ್ಟ್ ಸ್ಟೋನ್‌ಮನ್ ಅನ್ನೋ ಹಾಡುಗಾರ ಹಿಂದಿನ ವರ್ಷ ರೆಕಾರ್ಡುಗಳಿಂದಲೇ 3,600 ಡಾಲರ್ ಸಂಪಾದಿಸಿದ ಅಂತ. ಮುಗೀತು! ಮಾರನೇ ದಿನದಿಂದ ಬೆಟ್ಟದ ಮೂಲೆಮೂಲೆಯಿಂದ ಜನ ಗಿಟಾರು ಬಗಲಿಗೆ ಹಾಕಿಕೊಂಡು ಇಳಿದ್ರು. ಸಂಪ್ರದಾಯ ಉಳಿಸೋಕೆ ಅಂತ ಬಂದವರಲ್ಲ ಅವರು, ದುಡ್ಡಿನ ಸುದ್ದಿ ಓದಿ ಬಂದವರು. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ.

ಹಾಗೆ ಬಂದವರಲ್ಲಿ ಕಾರ್ಟರ್ ಕುಟುಂಬ. ವರ್ಜೀನಿಯಾದ ಮೇಸಸ್ ಸ್ಪ್ರಿಂಗ್‌ನಿಂದ ಎ.ಪಿ. ಕಾರ್ಟರ್, ಅವನ ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೇಬೆಲ್‌ಗೆ ಆಗ 18 ವರ್ಷ, ತುಂಬು ಬಸುರಿ. ಆದರೂ ಆ ಗಿಟಾರ್ ಕೇಳಬೇಕು ನೀವು. ಹೆಬ್ಬೆರಳಲ್ಲಿ ದಪ್ಪ ತಂತಿಗಳ ಮೇಲೆ ರಾಗ, ಉಳಿದ ಬೆರಳಲ್ಲಿ ಮೇಲಿನ ತಂತಿಗಳನ್ನ ಸವರಿ ತಾಳ. ಎರಡೂ ಒಂದೇ ಕೈ. ಅಲ್ಲಿಯವರೆಗೆ ಹಿಂದೆ ಕೂತು ತಾಳ ಹಾಕ್ತಿದ್ದ ಗಿಟಾರನ್ನ ಈ ಹುಡುಗಿ ಮುಂದಕ್ಕೆ ತಂದು ಕೂರಿಸಿದ್ಲು. ಒಂದು ಹಾಡಿಗೆ ಕೈಗೆ ಸಿಕ್ಕಿದ್ದು 50 ಡಾಲರ್.

ಪೀರ್‌ನ ಲೆಕ್ಕಾಚಾರ ಬೇರೆ ಇತ್ತು. ಅವನಿಗೆ ವಿಕ್ಟರ್ ಕಂಪನಿಯಿಂದ ಸಂಬಳಕ್ಕಿಂತ ಹಾಡುಗಳ ಹಕ್ಕುಸ್ವಾಮ್ಯವೇ ಮುಖ್ಯ. ಅಂದ್ರೆ ಅವನಿಗೆ ಬೇಕಾಗಿದ್ದು ಹಳೆಯದರ ಹಾಗೆ ಕೇಳಿಸೋ, ಆದರೆ ಕಾಗದದ ಮೇಲೆ ಹೊಸದಾಗಿರೋ ಹಾಡು. ಹಾಗಾದ್ರೆ ಹಾಡು ಎಲ್ಲಿಂದ ತರೋದು? ಎ.ಪಿ. ಕಾರ್ಟರ್ ಊರೂರು ಅಲೆಯೋಕೆ ಶುರು ಮಾಡಿದ. ಅವನ ಜೊತೆ ಅಲೆದವನು ಲೆಸ್ಲಿ ರಿಡಲ್. ಸಿಮೆಂಟ್ ಕಾರ್ಖಾನೆಯಲ್ಲಿ ಒಂದು ಕಾಲು ಕಳಕೊಂಡಿದ್ದ ಕಪ್ಪು ಗಿಟಾರುಗಾರ. ಯಾರದೋ ಮನೆಯಲ್ಲಿ ಯಾರೋ ಅಜ್ಜಿ ಹಾಡ್ತಾಳೆ, ಕಾರ್ಟರ್ ಸಾಹಿತ್ಯ ಬರ್ಕೋತಾನೆ, ರಾಗ ರಿಡಲ್‌ನ ತಲೆಯಲ್ಲಿ ಕೂತುಬಿಡುತ್ತೆ. ಮನೆಗೆ ಬಂದು ಅವನು ಅದನ್ನ ಸಾರಾಗೆ, ಮೇಬೆಲ್‌ಗೆ ಕಲಿಸ್ತಾನೆ. ಆಮೇಲೆ ರೆಕಾರ್ಡಿನ ಮೇಲೆ ರಚನೆ: ಎ.ಪಿ. ಕಾರ್ಟರ್. ಆ ಅಜ್ಜಿಯರೂ ಇಲ್ಲ, ರಿಡಲ್ಲೂ ಇಲ್ಲ. 1960ರ ದಶಕದಲ್ಲಿ ಮೈಕ್ ಸೀಗರ್ ಅನ್ನೋ ಹಾಡುಗಾರ ಹುಡುಕಿಕೊಂಡು ಹೋಗಿ ರಿಡಲ್‌ನ ಸ್ವಂತ ದನಿ ಮುದ್ರಿಸಿಕೊಂಡಿದ್ದಕ್ಕೆ ಆ ದನಿಯಾದ್ರೂ ಉಳೀತು.

ಬ್ರಿಸ್ಟಲ್‌ನ ಇನ್ನೊಬ್ಬ ದೊಡ್ಡ ಹೆಸರು ಜಿಮ್ಮಿ ರಾಜರ್ಸ್. ಅವನು ಬೆಟ್ಟದವನೇ ಅಲ್ಲ, ಮಿಸಿಸಿಪಿಯವನು. ತಂಡದ ಹೆಸರಿನ ವಿಷಯಕ್ಕೆ ಜಗಳವಾಗಿ ಜೊತೆಗಾರರು ಬಿಟ್ಟುಹೋದ್ರು, ಒಬ್ಬನೇ ನಿಂತು ಎರಡು ಹಾಡು ಹಾಡಿದ. ಮುಂದೆ ಕಂಟ್ರಿ ಸಂಗೀತದ ದೊಡ್ಡ ತಾರೆ ಆದ, ಆ ಕಥೆ ಬಿಟ್ಟುಬಿಡೋಣ.

ಇಲ್ಲೊಂದು ಸಣ್ಣ ಅಡ್ಡಮಾತು. ಗ್ರಾಮಫೋನಿನ ಮುಂದೆ ಕೂತ ನಾಯಿಯ ಚಿತ್ರ ನೆನಪಿದೆಯಲ್ಲ? ಅಮೆರಿಕದಲ್ಲಿ ಅದು ವಿಕ್ಟರ್ ಕಂಪನಿಯ ಗುರುತು, ನಮ್ಮಲ್ಲಿ ಎಚ್‌ಎಂವಿಯದ್ದು. ಎರಡೂ ಅಣ್ಣತಮ್ಮ ಕಂಪನಿಗಳು. 1902ರಲ್ಲಿ ಕಲ್ಕತ್ತಾದಲ್ಲಿ ರೆಕಾರ್ಡ್ ಆಗಿ ಹೆಸರಾದ ಗೌಹರ್ ಜಾನ್, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಲ್ಲೇ ತೀರಿಕೊಂಡ್ರಲ್ಲ, ಅವರೂ ಗಂಟೆಗಟ್ಟಲೆ ಬೆಳೆಸೋ ರಾಗವನ್ನ ಮೂರು ನಿಮಿಷಕ್ಕೆ ಇಳಿಸಿ ಹಾಡಬೇಕಾಗಿತ್ತು. ಬೆಟ್ಟದ ಕುಣಿತದ ಟ್ಯೂನಿಗೂ ಅದೇ ಗತಿ. ಕುಣಿಯೋರು ಸುಸ್ತಾಗೋವರೆಗೂ ಸುತ್ತಿ ಸುತ್ತಿ ನುಡಿಸೋದನ್ನ ಮೂರು ನಿಮಿಷಕ್ಕೆ ಕತ್ತರಿಸಿದ್ರು. ನಾವು ಕೇಳೋದು ಆ ತುಂಡನ್ನ.

ಸರಿ, ಬ್ಲೂಗ್ರಾಸ್. ಜನ ಇದನ್ನ ಅನಾದಿ ಕಾಲದ್ದು ಅಂದುಕೊಂಡಿದ್ದಾರೆ. ಇಲ್ಲ ಸ್ವಾಮಿ, ಇದು ರೇಡಿಯೋ ಕಾಲದ ಕೂಸು. ಅದನ್ನ ಕಟ್ಟಿದವನು ಬಿಲ್ ಮನ್ರೋ, ಮ್ಯಾಂಡೊಲಿನ್ ಹಿಡಿದ ಹಟಮಾರಿ. ಹುಟ್ಟಿದ್ದು ಪಶ್ಚಿಮ ಕೆಂಟಕಿಯ ರೋಸೀನ್‌ನಲ್ಲಿ, ಬೆಟ್ಟಸಾಲಿಗೂ ಆ ಊರಿಗೂ ಬಹಳ ದೂರ. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಮೂರು ಬೆರಳಲ್ಲಿ ಬ್ಯಾಂಜೋ ಮಿಂಚಿಸ್ತಾ ಅವನ ತಂಡ ಸೇರಿದ. 1946ರ ಸೆಪ್ಟೆಂಬರಿನಲ್ಲಿ ಶಿಕಾಗೋದಲ್ಲಿ ಕೊಲಂಬಿಯಾಗೆ ರೆಕಾರ್ಡ್ ಮಾಡಿದ್ರು. ಶಿಕಾಗೋ! ಬೆಟ್ಟದ ಸಂಗೀತದ ಮಾದರಿ ತಯಾರಾಗಿದ್ದು ಮಹಾನಗರದ ಸ್ಟುಡಿಯೋದಲ್ಲಿ. ಅದನ್ನ ಕೀಳು ಮಾಡೋಕೆ ಹೇಳ್ತಿಲ್ಲ, ಆ ರೆಕಾರ್ಡುಗಳಲ್ಲಿ ಇರೋ ವೇಗ, ಒಬ್ಬರಿಂದ ಒಬ್ಬರಿಗೆ ರಾಗ ದಾಟೋ ಚುರುಕು, ಇವತ್ತಿನವರ ಕೈಲೂ ಆಗಲ್ಲ.

ಮನ್ರೋ ಹುಡುಗನಾಗಿದ್ದಾಗ ಯಾರ ಜೊತೆ ಕುಣಿತಗಳಿಗೆ ನುಡಿಸೋಕೆ ಹೋಗ್ತಿದ್ದ? ಆರ್ನಲ್ಡ್ ಶುಲ್ಟ್ಸ್ ಜೊತೆ. ಕಪ್ಪು ಮನುಷ್ಯ, ಗಿಟಾರು, ಪಿಟೀಲು ಎರಡರಲ್ಲೂ ಎತ್ತಿದ ಕೈ. ಮನ್ರೋ ತಾನೇ ಇದನ್ನ ಹೇಳಿಕೊಂಡಿದ್ದಾನೆ. ಶುಲ್ಟ್ಸ್ 1931ರಲ್ಲಿ ಸತ್ತ. ಅವನ ಒಂದೇ ಒಂದು ರೆಕಾರ್ಡ್ ಇಲ್ಲ, ಒಂದು ಸೆಕೆಂಡಿನ ದನಿಯೂ ಇಲ್ಲ.

"ಹಾಗಾದ್ರೆ ಕಂಪನಿಗಳನ್ನ ಬಿಡಿ, ಸರ್ಕಾರದ ಸಂಗ್ರಹ ಇದೆಯಲ್ಲ, ಅದು ಶುದ್ಧ ಅಲ್ವಾ?" ಅಂತ ನೀವು ಕೇಳಬಹುದು. ಇದೆ, ಒಪ್ಪಿದೆ. 1937ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಎಲಿಜಬೆತ್ ಲೋಮ್ಯಾಕ್ಸ್ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಕೆಂಟಕಿ ಸುತ್ತಿದ್ರು. ಸಾಲ್ಯರ್ಸ್‌ವಿಲ್‌ನಲ್ಲಿ ಬಿಲ್ ಸ್ಟೆಪ್ ಅನ್ನೋ ಪಿಟೀಲುಗಾರ ನುಡಿಸಿದ. ನೆಪೋಲಿಯನ್ ಹಿಂದೆ ಸರಿದ ಕಥೆಗೆ ತಳಕು ಹಾಕಿಕೊಂಡ ಹಳೇ ಟ್ಯೂನು ಅದು, ಎಲ್ಲರೂ ನಿಧಾನಕ್ಕೆ, ಕವಾಯತಿನ ನಡಿಗೆಯಲ್ಲಿ ನುಡಿಸೋದು. ಸ್ಟೆಪ್ ಮಾತ್ರ ಪಿಟೀಲಿನ ದಪ್ಪ ತಂತಿಯನ್ನ ಇಳಿಸಿ ಶ್ರುತಿ ಮಾಡಿಕೊಂಡ. ಕೆಳಗೆ ತಂಬೂರಿ ಮೀಟಿದ ಹಾಗೆ ಷಡ್ಜ ಮೊರೀತಾ ಇರುತ್ತೆ, ಮೇಲೆ ರಾಗ ಕುದುರೆ ಓಡಿದ ಹಾಗೆ ಓಡುತ್ತೆ. ರೂತ್ ಕ್ರಾಫರ್ಡ್ ಸೀಗರ್ ಅನ್ನೋ ಸಂಯೋಜಕಿ ಅದನ್ನ ಸ್ವರ ಬಿಡದೆ ಬರೆದುಕೊಂಡ್ರು, 1941ರಲ್ಲಿ ಅದು ಪುಸ್ತಕದಲ್ಲಿ ಬಂತು. ಮಾರನೇ ವರ್ಷ ಹೆಸರಾಂತ ಸಂಯೋಜಕ ಏರನ್ ಕೋಪ್‌ಲಂಡ್ ತಮ್ಮ 'ರೋಡಿಯೊ' ಬ್ಯಾಲೆಗೆ ಅದನ್ನೇ ಎತ್ತಿಕೊಂಡ್ರು, ಬಹುಪಾಲು ಇದ್ದ ಹಾಗೇ. ಆಮೇಲೆ ಅದು ದನದ ಮಾಂಸದ ಟಿವಿ ಜಾಹೀರಾತಿನವರೆಗೂ ಹೋಯ್ತು. ಅಮೆರಿಕದಲ್ಲಿ ಆ ಟ್ಯೂನು ಕೇಳದ ಕಿವಿ ಇಲ್ಲ. ಕೋಪ್‌ಲಂಡ್ ಹೆಸರು ಗೊತ್ತು. ಸ್ಟೆಪ್? ಯಾರು ಅಂತ ಕೇಳ್ತಾರೆ.

ಅಂದ್ರೆ ಕಂಪನಿಗಳಲ್ಲಿ ಆದದ್ದು ಬೇರೆ ರೂಪದಲ್ಲಿ ಇಲ್ಲೂ ಆಯ್ತು. ಆದರೂ ಲೋಮ್ಯಾಕ್ಸ್ ದಂಪತಿಯ ಕೆಲಸಕ್ಕೆ ನನ್ನ ಅಂಕ ಜಾಸ್ತಿ. ಯಾಕಂದ್ರೆ ಸ್ಟೆಪ್‌ನ ಹೆಸರು, ಊರು ಬರೆದಿಟ್ಟು, ಮುದ್ರಣ ಸಾರ್ವಜನಿಕರಿಗೆ ಸಿಗೋ ಹಾಗೆ ಇಟ್ರು. ಸ್ಟೆಪ್ ಯಾರು ಅಂತ ಹುಡುಕೋಕೆ ಹೊರಟವರಿಗೆ ದಾರಿ ಇದೆ. ರಿಡಲ್‌ಗೆ ರೆಕಾರ್ಡಿನ ಲೇಬಲ್ ಮೇಲೆ ಅಷ್ಟೂ ಇರಲಿಲ್ಲ.

ಪಟ್ಟಿ ಕಿತ್ತು ಹಾಕಿದ್ರೆ ಏನಾಗುತ್ತೆ? ಅದೂ ಆಗಿದೆ. 1952ರಲ್ಲಿ ಹ್ಯಾರಿ ಸ್ಮಿತ್ ಅನ್ನೋ ವಿಚಿತ್ರ ಮನುಷ್ಯ ತನ್ನ ಹತ್ರ ಇದ್ದ ಹಳೇ ರೆಕಾರ್ಡುಗಳಿಂದ 84 ಹಾಡು ಆರಿಸಿ ಫೋಕ್‌ವೇಸ್ ಕಂಪನಿಯಿಂದ ಹೊರತಂದ. ಯಾರು ಕಪ್ಪು, ಯಾರು ಬಿಳಿ ಅಂತ ಎಲ್ಲೂ ಹಾಕಲಿಲ್ಲ. ಬೇಕಂತಲೇ ಕಲಸಿದ. ಕೇಳಿದವರು ಮಿಸಿಸಿಪಿ ಜಾನ್ ಹರ್ಟ್ ಅನ್ನೋ ಕಪ್ಪು ಗಾಯಕನನ್ನ ಎಷ್ಟೋ ವರ್ಷ ಬೆಟ್ಟದ ಬಿಳಿಯ ಅಂದುಕೊಂಡಿದ್ರು. ನನ್ನ ಇಡೀ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಹಾಗಂತ ಪೀರ್‌ನನ್ನ ಖಳನಾಯಕ ಮಾಡೋಕೆ ನಾನು ತಯಾರಿಲ್ಲ. ಅವನ ದುರಾಸೆ ಇಲ್ಲದಿದ್ರೆ ಸಾರಾ ಕಾರ್ಟರಳ ಆ ಕಂಚಿನ ಕಂಠ ನಮಗೆ ಸಿಗ್ತಿರಲಿಲ್ಲ. ನನ್ನ ತಕರಾರು ಇವತ್ತಿನವರ ಜೊತೆ. ನೂರು ವರ್ಷ ಆಗ್ತಾ ಬಂತು, ಮರುಮುದ್ರಣ ಮಾಡೋರು, ಸ್ಟ್ರೀಮಿಂಗ್ ಆ್ಯಪ್‌ನವರು ಇನ್ನೂ ಅದೇ ಎರಡು ಗೂಡುಗಳಲ್ಲಿ ಹಾಡು ತುಂಬ್ತಿದ್ದಾರೆ. ಇದನ್ನ ಮುರಿಯೋ ಕೆಲಸ ಮಾಡಿದ್ದು ಕಲಾವಿದರು. ನಾರ್ತ್ ಕೆರೊಲಿನಾದ ಮೆಬೇನ್‌ನಲ್ಲಿ ಜೋ ಥಾಂಪ್ಸನ್ ಅನ್ನೋ ಕಪ್ಪು ಪಿಟೀಲುಗಾರ ಇದ್ರು, 2012ರಲ್ಲಿ ತೀರಿಕೊಂಡ್ರು. ಮನೆತನದ ಟ್ಯೂನುಗಳನ್ನ ಉಳಿಸಿಕೊಂಡಿದ್ದ ಅಜ್ಜ. 2005ರ ನಂತರ ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಅವರ ಮನೆಗೆ ಹೋಗಿ ಹೋಗಿ, ಎದುರು ಕೂತು ಕಲಿತ್ರು. ಕಟ್ಟಿದ ತಂಡಕ್ಕೆ 'ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್' ಅಂತ ಹೆಸರಿಟ್ರು. ಆ ಹೆಸರು ಎಲ್ಲಿಂದ ಬಂತು ಅಂತ ನಿಮಗೀಗ ಗೊತ್ತು. 2011ರಲ್ಲಿ ಗ್ರ್ಯಾಮಿ ಬಂತು.

ಅಮೆರಿಕದ ಈಗಿನ ಕಾಯ್ದೆ ಪ್ರಕಾರ 1923ರಿಂದ 1946ರವರೆಗಿನ ರೆಕಾರ್ಡುಗಳು ನೂರು ವರ್ಷ ಕಳೆದ ಮೇಲೆ ಎಲ್ಲರ ಸ್ವತ್ತು. ಕಾರ್ಸನ್‌ನ ರೆಕಾರ್ಡು 2024ರಲ್ಲೇ ಬಿಡುಗಡೆ ಆಯ್ತು. ಬ್ರಿಸ್ಟಲ್‌ನಿಂದ 1927ರಲ್ಲಿ ಹೊರಬಂದ ರೆಕಾರ್ಡುಗಳು 2028ರ ಜನವರಿ 1ಕ್ಕೆ. ಆಗ ಯಾರು ಬೇಕಾದ್ರೂ ಅವನ್ನ ಎತ್ತಿ ಹಾಕಬಹುದು, ಹಾಕೇ ಹಾಕ್ತಾರೆ. ಕಾರ್ಟರ್ ಕುಟುಂಬದ ಆಮೇಲಿನ ರೆಕಾರ್ಡುಗಳ ಸರದಿ ಬಂದಾಗ, ಎ.ಪಿ. ಕಾರ್ಟರ್ ಹೆಸರಿನ ಪಕ್ಕ ರಿಡಲ್ ಕೂಡಿಸಿಕೊಟ್ಟ ಹಾಡುಗಳಿಗೆ ರಿಡಲ್ ಹೆಸರನ್ನೂ ಬರೀರಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಈ ವಾರ ನಿಮಗೊಂದು ಕೆಲಸ. 1928ರಲ್ಲಿ ಅದೇ ಬ್ರಿಸ್ಟಲ್‌ಗೆ ಪೀರ್ ಎರಡನೇ ಸಲ ಬಂದಾಗ ಟಾರ್ಟರ್ ಮತ್ತು ಗೇ ಅನ್ನೋ ಜೋಡಿ ಮುದ್ರಿಸಿದ ಎರಡು ಹಾಡಿವೆ, ಹುಡುಕಿ. ಅದರ ಪಕ್ಕಕ್ಕೆ ವರ್ಜೀನಿಯಾದ ಕಲ್ಲಿದ್ದಲು ಗಣಿಯ ಡಾಕ್ ಬಾಗ್ಸ್ 1927ರಲ್ಲಿ ಬ್ಯಾಂಜೋ ಹಿಡಿದು ಹಾಡಿದ ಒಂದನ್ನ ಇಟ್ಟುಕೊಳ್ಳಿ. ಫೋಟೋ ನೋಡಬೇಡಿ, ಲೇಬಲ್ ಓದಬೇಡಿ. ಮನೆಯಲ್ಲಿ ಯಾರಿಗಾದ್ರೂ ಕೇಳಿಸಿ, ಇವರಲ್ಲಿ ಯಾರು ಯಾವ ಪಟ್ಟಿಯವರು ಅಂತ ಕೇಳಿ. ಏನು ಉತ್ತರ ಬಂತು ಅಂತ ಕೆಳಗೆ ಬರೀರಿ, ಮುಂದಿನ ಕಂತಿನಲ್ಲಿ ಓದ್ತೀನಿ.