ಕೊನೆಗೌಡರಿಗೆ ಗೊತ್ತಿದ್ದ ಮಾತು

(ಶಿರಸಿಯ ಹಿರಿಯರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹಿರಿಯರೇ, ಹಿರಿಯರನ್ನು ಕೈಹಿಡಿದು ಕರೆತಂದಿರುವ ಮಕ್ಕಳೇ, ಸೊಸೆಯಂದಿರೇ,

ಅಧ್ಯಕ್ಷರು ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ವೃದ್ಧಾಪ್ಯದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಏನು ಸಿದ್ಧತೆ ಬೇಕು ಎಂಬುದು ವಿಷಯ. ರಕ್ತಪರೀಕ್ಷೆ, ಇಸಿಜಿ, ಸಕ್ಕರೆ, ಇವೆಲ್ಲ ನಿಮಗೆ ಗೊತ್ತು. ಅರಿವಳಿಕೆ ವೈದ್ಯನಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನರನ್ನು ಮಲಗಿಸಿ ಎಬ್ಬಿಸಿದವನು ನಾನು. ಆದರೆ ನನ್ನ ಸ್ವಂತ ಅಪ್ಪಯ್ಯನ ವಿಷಯದಲ್ಲಿ ಮಾಡಿದ ತಪ್ಪು ಇಂದಿಗೂ ಕೊರೆಯುತ್ತದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಅಪ್ಪಯ್ಯನಿಗೆ ಆಗ ಎಂಬತ್ತೆರಡು. ಆಷಾಢದ ಮಳೆ. ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುತ್ತಿದ್ದರು. ನೋಡಿ ಬರುತ್ತೇನೆಂದು ಹೊರಟವರು ದಣಪೆಯ ಹತ್ತಿರ ಪಾಚಿಗೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ನಮ್ಮ ಜಿಲ್ಲೆಯ ಕಥೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾರವಾರದವರು ಗೋವಾಕ್ಕೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ನಾವು ಹುಬ್ಬಳ್ಳಿಗೆ. ನೂರು ಕಿಲೋಮೀಟರ್ ಆಂಬುಲೆನ್ಸಿನಲ್ಲಿ ಪ್ರತಿ ಹೊಂಡಕ್ಕೂ ಅವರು ನರಳಿದ್ದನ್ನು ಕೇಳುತ್ತ ಹೋದೆ.

ಮರುದಿನ ಬೆಳಿಗ್ಗೆ ಸ್ಟ್ರೆಚರಿನ ಪಕ್ಕ ನಿಂತು ಅಭ್ಯಾಸಬಲದಿಂದ ಎಲ್ಲವನ್ನೂ ನಾನೇ ಕೇಳಿದೆ. ಎಷ್ಟು ಹೊತ್ತಿಗೆ ಊಟ ಮಾಡಿದ್ದು? ಯಾವ ಹಲ್ಲು ಅಲ್ಲಾಡುತ್ತದೆ? ರಕ್ತ ತೆಳುವಾಗುವ ಮಾತ್ರೆ ಇದೆಯೇ? ಎಲ್ಲಕ್ಕೂ ಉತ್ತರ ಕೊಟ್ಟರು. ಆಮೇಲೆ ನನ್ನ ಮಣಿಕಟ್ಟು ಹಿಡಿದು, "ತಮ್ಮಾ, ಒಂದು ಮಾತು" ಎಂದರು. "ಎಲ್ಲ ಸರಿಹೋಗುತ್ತದೆ ಅಪ್ಪಯ್ಯ, ಮಾತನಾಡಿ ಆಯಾಸ ಮಾಡಿಕೊಳ್ಳಬೇಡಿ" ಎಂದುಬಿಟ್ಟೆ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂರನೆಯ ರಾತ್ರಿ ಸನ್ನಿ ಹಿಡಿಯಿತು. "ಮಳೆ ಬಂತು, ಅಂಗಳದ ಅಡಿಕೆ ಒಳಗೆ ಹಾಕಿ" ಎಂದು ಬೆಳಗಿನವರೆಗೆ ಕೂಗಿದರು. ವಯಸ್ಸಾದವರಿಗೆ, ಅದರಲ್ಲೂ ಸೊಂಟದ ಮೂಳೆ ಮುರಿದವರಿಗೆ, ಶಸ್ತ್ರಚಿಕಿತ್ಸೆಯ ಬಳಿಕ ಸನ್ನಿ ಬರುವುದು ಅಪರೂಪವಲ್ಲ. ಬಹಳಷ್ಟು ಜನರಲ್ಲಿ ದಿನ ಕಳೆದಂತೆ ಇಳಿಯುತ್ತದೆ. ಕನ್ನಡಕ, ಕಿವಿಯ ಯಂತ್ರ, ಮನೆಯವರ ದನಿ ಹತ್ತಿರವಿದ್ದರೆ ಸಹಾಯವಾಗುತ್ತದೆ. ಆದರೆ ಅಪ್ಪಯ್ಯನಿಗೆ ಅದು ಇಳಿಯುವ ಮೊದಲೇ ನ್ಯುಮೋನಿಯಾ ಆಯಿತು. ವೆಂಟಿಲೇಟರ್, ಗಂಟಲಿಗೆ ರಂಧ್ರ, ಕೊನೆಗೆ ಡಯಾಲಿಸಿಸ್. ನಳಿಗೆ ಕಿತ್ತುಕೊಳ್ಳಬಾರದೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಜೀವಮಾನವಿಡೀ ಎಲೆಗೆ ಸುಣ್ಣ ಹಚ್ಚಿ ಒರಟಾದ ಆ ಹೆಬ್ಬೆರಳು ಬ್ಯಾಂಡೇಜಿನ ಹೊರಗೆ ಇಣುಕುತ್ತಿತ್ತು. ಇಪ್ಪತ್ತಮೂರು ದಿನ.

ಹೊರಗೆ ಕಾಗದಗಳಿಗೆ ಸಹಿ ಹಾಕುತ್ತಿದ್ದವನು ನಾನು. ತಮ್ಮ ವಿದೇಶದಿಂದ ಫೋನಿನಲ್ಲಿ "ಎಲ್ಲವನ್ನೂ ಮಾಡಿಸು" ಎನ್ನುತ್ತಿದ್ದ. ಊರಿನಲ್ಲಿದ್ದ ಅಮ್ಮನಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ನಮ್ಮ ಕಡೆ ಹೀಗೇ ಆಗುತ್ತದೆ: ಯಾರ ಮೊಬೈಲಿಗೆ ಸಿಗ್ನಲ್ ಇದೆಯೋ ಅವರೇ ನಿರ್ಧರಿಸುತ್ತಾರೆ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ನಮ್ಮ ತೋಟದ ಕೊನೆಗೌಡರು ಬಂದು ಜಗುಲಿಯ ತುದಿಯಲ್ಲಿ ಕುಳಿತರು. ನಲವತ್ತು ವರ್ಷ ನಮ್ಮ ಮರ ಹತ್ತಿ ಅಡಿಕೆಯ ಕೊನೆ, ಎಂದರೆ ಗೊನೆ, ಕೊಯ್ದವರು, ಅಪ್ಪಯ್ಯನ ಎಲೆಯಡಿಕೆ ಕವಳದ ಜೊತೆಗಾರರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೋದ ಕೊಯ್ಲಿನಲ್ಲೇ ಹೇಳಿದ್ದರು. ಕಾಲೋ ಕೈಯೋ ರಿಪೇರಿಯಾಗುವುದಾದರೆ ಮಾಡಿಸಿಕೊಳ್ಳುತ್ತೇನೆ. ಆದರೆ ಕೊಯ್ದ ಕೊನೆಯನ್ನು ಮತ್ತೆ ಮರಕ್ಕೆ ಕಟ್ಟಿ ನಿಲ್ಲಿಸಬಾರದು, ನನ್ನನ್ನು ಜಗುಲಿಗೆ ತರಬೇಕು ಎಂದಿದ್ದರು." ಮೊದಲೇ ಏಕೆ ಹೇಳಲಿಲ್ಲ ಎಂದೆ. "ನೀವು ಡಾಕ್ಟರು, ನಿಮಗೆ ಹೇಳಿಯೇ ಇರುತ್ತಾರೆ ಅಂದುಕೊಂಡೆ" ಎಂದರು.

ಅಂದಿನಿಂದ ಹೋದಲ್ಲೆಲ್ಲ ಇದೊಂದನ್ನೇ ಹೇಳುತ್ತಿದ್ದೇನೆ. ಕೇಳಿ. ಅವರನ್ನೇ ಕೇಳಿ. ಐಸಿಯು ಬಾಗಿಲಿನಲ್ಲಿ ಅಲ್ಲ, ಮನೆಯಲ್ಲಿ, ಅವರು ಎಚ್ಚರದಲ್ಲಿರುವಾಗ ಕೇಳಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕೇಳುವುದೆಂದರೆ "ಚಿಕಿತ್ಸೆ ಬೇಡ" ಎಂದು ಹೇಳಿಸುವುದಲ್ಲ. ಕುಮಟಾ ಕಡೆಯ ಮೀನು ಮಾರುವ ಅಜ್ಜಿಯೊಬ್ಬರು, ಎಂಬತ್ತರ ಮೇಲಿನವರು, ಕರುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಬಂದಿದ್ದರು. ವಯಸ್ಸಾಯಿತು, ಸುಮ್ಮನೆ ಹಿಂಸೆ ಯಾಕೆ ಎಂದು ಮಕ್ಕಳು ಹಿಂದೇಟು ಹಾಕುತ್ತಿದ್ದರು. ಅಜ್ಜಿ ಎದ್ದು ಕುಳಿತು, "ನನ್ನ ವಯಸ್ಸು ಎಣಿಸಲು ಇವರಿಗೆ ಯಾರು ಹೇಳಿದರು? ಒಂದು ವಾರ ಯಂತ್ರದಲ್ಲಿಟ್ಟರೂ ಸರಿ, ನನಗೆ ಮತ್ತೆ ಪೇಟೆಗೆ ಬುಟ್ಟಿ ಹೊರಬೇಕು" ಎಂದರು. ಇಡೀ ವಾರ್ಡು ನಕ್ಕಿತು. ಶಸ್ತ್ರಚಿಕಿತ್ಸೆ ಮಾಡಿದೆವು. ಅವರು ಪೇಟೆಗೂ ಹೋದರು.

ವೈದ್ಯನಾಗಿ ಇನ್ನೊಂದನ್ನು ಸ್ಪಷ್ಟಪಡಿಸಬೇಕು. ಶಸ್ತ್ರಚಿಕಿತ್ಸೆಯ ವೇಳೆ ಕೆಲವು ಗಂಟೆ ಉಸಿರಾಟದ ನಳಿಗೆ ಹಾಕುವುದೇ ಬೇರೆ, ಚೇತರಿಕೆಯ ಆಸೆ ಇಲ್ಲದೆ ವಾರಗಟ್ಟಲೆ ಯಂತ್ರಕ್ಕೆ ಕಟ್ಟುವುದೇ ಬೇರೆ. ಹೃದಯ ನಿಂತರೆ ಮತ್ತೆ ಬಡಿಸಬೇಡಿ ಎಂದು ಮೊದಲೇ ತೀರ್ಮಾನಿಸಿದವರೂ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರ ಜೊತೆ ಕುಳಿತು ಅದನ್ನು ಮತ್ತೊಮ್ಮೆ ಮಾತನಾಡಬೇಕು. ಥಿಯೇಟರಿನೊಳಗೆ ಹೃದಯ ನಿಂತರೆ ಎಷ್ಟೋ ಸಲ ಕಾರಣ ಕಣ್ಣೆದುರಿಗೇ ಇರುತ್ತದೆ, ಸರಿಪಡಿಸಬಹುದು. ನಡುವಿನ ದಾರಿಯೂ ಇದೆ: "ಐದು ದಿನ ಪ್ರಯತ್ನಿಸಿ, ಸುಧಾರಿಸದಿದ್ದರೆ ನಿಲ್ಲಿಸಿ, ಆದರೆ ನೋವಿಗೆ ಔಷಧ ಕೊಡುವುದನ್ನು ನಿಲ್ಲಿಸಬೇಡಿ" ಎಂದೂ ಹೇಳಬಹುದು.

ಕಾನೂನು. ಇದು ನಮ್ಮ ಜಿಲ್ಲೆಯ ಮಗಳ ಹೆಸರಿನೊಂದಿಗೇ ಆರಂಭವಾಗುತ್ತದೆ. ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್‌ನ ಹಲ್ಲೆಯಲ್ಲಿ ಮಿದುಳಿಗೆ ಪೆಟ್ಟಾಗಿ 2015ರ ಮೇ 18ರವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಸಹೋದ್ಯೋಗಿಗಳು ತಾಯಿಯಂತೆ ನೋಡಿಕೊಂಡರು. 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರ ದಯಾಮರಣದ ಅರ್ಜಿಯ ವಿಚಾರಣೆಯಲ್ಲಿ ಅವರ ಪರವಾಗಿ ಎಲ್ಲರೂ ಮಾತನಾಡಿದರು, ಅವರ ಮಾತೊಂದು ಮಾತ್ರ ಯಾರ ಬಳಿಯೂ ಇರಲಿಲ್ಲ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ, ಅದಕ್ಕಾಗಿ ಮುಂಚಿತವಾಗಿ ಬರೆದಿಡಬಹುದು ಎಂದಿತು. ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಯಾರು ಅಲೆಯುತ್ತಾರೆ? 2023ರ ಜನವರಿಯಲ್ಲಿ ಅದನ್ನು ತೆಗೆದರು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಕಾಗದ ಇದ್ದಮಾತ್ರಕ್ಕೆ ಯಾರೂ ಯಂತ್ರ ನಿಲ್ಲಿಸಿಬಿಡುವುದಿಲ್ಲ. ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ನಿಮಗೆ ಪ್ರಜ್ಞೆ ಮತ್ತು ತಿಳಿದು ನಿರ್ಧರಿಸುವ ಶಕ್ತಿ ಇರುವವರೆಗೆ ನಿಮ್ಮ ಬಾಯಿಮಾತೇ ನಡೆಯುತ್ತದೆ.

ದೊಡ್ಡ ಆಸ್ಪತ್ರೆ ಬೇಕೆಂಬ ಜಿಲ್ಲೆಯ ಹೋರಾಟದಲ್ಲಿ ನಾನೂ ಇದ್ದೇನೆ. ಅದು ಬರುವಾಗ ಬರಲಿ. ಅಪ್ಪನನ್ನು ಜಗುಲಿಯಲ್ಲಿ ಕೂರಿಸಿಕೊಂಡು ಕೇಳಲು ಸೂಪರ್ ಸ್ಪೆಷಾಲಿಟಿ ಬೇಕಾಗಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಓಡಿಸುತ್ತೇನೆ. ನಿಮ್ಮ ಪರ ಮಾತನಾಡುವವರಾಗಿ ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ಹಿರಿಯ ಮಗನೇ ಆಗಬೇಕೆಂದಿಲ್ಲ, ಅಳುತ್ತಲಾದರೂ ನಿಮ್ಮ ಮಾತು ನಡೆಸಿಕೊಡುವವರನ್ನು ಆರಿಸಿ. ಪ್ರತಿಯನ್ನು ಅವರಿಗೂ ಕುಟುಂಬ ವೈದ್ಯರಿಗೂ ಕೊಡಿ, ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಬದಲಿಸಬಹುದು. ನಾಲ್ಕನೆಯದು, ಖರ್ಚಿನ ವಿಷಯ, ಪ್ರಶ್ನೋತ್ತರದಲ್ಲಿ ನೋಡೋಣ.

ಅಮ್ಮನಿಗೆ ಮುಂದಿನ ತಿಂಗಳು ಮಂಡಿಯ ಶಸ್ತ್ರಚಿಕಿತ್ಸೆ. ಈ ಸಲ ನಾನು ಕೇಳಿದೆ. ಮೂರು ಸಂಜೆ ಹಿಡಿಯಿತು, ನಡುವೆ ಎರಡು ಸಲ ಅವರು ಅಪ್ಪೆಹುಳಿ ಮಾಡುವ ನೆಪದಲ್ಲಿ ಎದ್ದು ಹೋದರು. ಎಲ್ಲ ಬರೆದಾಯಿತು. ಒಬ್ಬ ಸಾಕ್ಷಿ ಪಕ್ಕದ ಮನೆಯ ಮೇಷ್ಟ್ರು. ಇನ್ನೊಬ್ಬರು ಯಾರು ಎಂದಾಗ, ಕೊನೆಗೌಡರನ್ನು ಕರೆ ಎಂದರು. ಮಂಗಳವಾರ ಇಬ್ಬರನ್ನೂ ಕರೆದುಕೊಂಡು ನೋಟರಿಯ ಬಳಿ ಹೋಗುತ್ತಿದ್ದೇವೆ.