ಚೆಂಡು ನೆಲದ ಹತ್ತಿರ ಇರುತ್ತದೆ

ಗೆಳೆಯರೇ, ಇಲ್ಲಿಗೆ ಬರುವಾಗ ಬಾಗಿಲ ಚೌಕಟ್ಟಿನ ಮೇಲೆ 5 ಅಡಿ 3 ಇಂಚಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ಬಂದಿದ್ದೇನೆ. ಹೊರಗೆ ಹೋಗುವಾಗ ಅದರ ಪಕ್ಕ ನಿಂತು ನೋಡಿ. ನಿಮ್ಮಲ್ಲಿ ಬಹಳ ಜನ ಆ ಗೆರೆಗಿಂತ ಎತ್ತರ ಇದ್ದೀರಿ. ಅದು ಮಗ್ಸಿ ಬೋಗ್ಸ್ ಅವರ ಎತ್ತರ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಕಂಡ ಅತ್ಯಂತ ಕುಳ್ಳ ಆಟಗಾರ. ಅಲ್ಲಿ 14 ಸೀಸನ್ ಆಡಿದರು.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತೀವಲ್ವಾ? ಆ ಗಾದೆಯ 'ಆದರೂ' ಬಗ್ಗೆಯೇ ನನ್ನ ತಕರಾರು. ಬೋಗ್ಸ್ ಕುಳ್ಳಗಿದ್ದರೂ ಆಡಿದವರಲ್ಲ. ಕುಳ್ಳಗಿದ್ದದ್ದರಿಂದಲೇ ಹಾಗೆ ಆಡಿದವರು.

ಹುಟ್ಟಿದ್ದು 1965ರಲ್ಲಿ, ಬಾಲ್ಟಿಮೋರ್‌ನ ಬಡ ಬಡಾವಣೆಯಲ್ಲಿ. ಐದು ವರ್ಷದ ಮಗುವಾಗಿದ್ದಾಗ ಬೀದಿಯಲ್ಲಿ ಹಾರಿದ ಬಂದೂಕಿನ ಚರೆ ಮೈಗೆ ತಾಗಿತ್ತು. ಆ ಹುಡುಗ ಬೆಳೆದು ಡನ್‌ಬಾರ್ ಹೈಸ್ಕೂಲಿಗೆ ಬಂದ. ಅವನು ಆಡಿದ ಎರಡು ಸೀಸನ್ನಿನಲ್ಲಿ ಆ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ.

ಅವರ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆರೂವರೆ ಅಡಿಯ ಆಟಗಾರ ಚೆಂಡು ಪುಟಿಸಿದರೆ ಅದು ಸೊಂಟದವರೆಗೆ ಏಳುತ್ತದೆ. ನೆಲಕ್ಕೆ ಹೋಗಿ ಮತ್ತೆ ಕೈಗೆ ಬರುವ ಆ ದಾರಿಯಲ್ಲಿ ಚೆಂಡು ಯಾರದ್ದೂ ಅಲ್ಲ. ಬೋಗ್ಸ್ ಕೈ ಹಾಕುತ್ತಿದ್ದದ್ದು ಅಲ್ಲಿಗೇ. ಅವರ ಚೆಂಡಾದರೋ ಮೊಣಕಾಲಿನ ಮೇಲೆ ಏಳುವುದೇ ಕಮ್ಮಿ. ಕಸಿಯಬೇಕಾದರೆ ಎದುರಾಳಿ ಬಗ್ಗಬೇಕು. ಬಗ್ಗಿ ಏಳುವಷ್ಟರಲ್ಲಿ ಇವರು ದಾಟಿ ಹೋಗಿರುತ್ತಿದ್ದರು.

1987ರಲ್ಲಿ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ವಾಷಿಂಗ್ಟನ್ ತಂಡ ಅವರನ್ನು 12ನೆಯ ಆಯ್ಕೆಯಾಗಿ ಕರೆದುಕೊಂಡಿತು. ಅಲ್ಲಿ 7 ಅಡಿ 7 ಇಂಚಿನ ಮನೂಟ್ ಬೋಲ್ ಇದ್ದರು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಫೋಟೊ ತೆಗೆದದ್ದೇ ತೆಗೆದದ್ದು. ನನಗೆ ಆ ಫೋಟೊ ನೋಡಿದರೆ ಸಂಕಟವಾಗುತ್ತದೆ. ಒಂದೇ ವರ್ಷಕ್ಕೆ ತಂಡ ಅವರನ್ನು ಕೈಬಿಟ್ಟಿತು. ಆಗಷ್ಟೇ ಹುಟ್ಟಿದ್ದ ಷಾರ್ಲಟ್ ಹಾರ್ನೆಟ್ಸ್ ಎತ್ತಿಕೊಂಡಿತು. ಮುಂದಿನ ಸುಮಾರು ಹತ್ತು ವರ್ಷ ಆ ಊರು ಅವರನ್ನು ಮನೆಮಗನ ಹಾಗೆ ನೋಡಿಕೊಂಡಿತು.

ಒಟ್ಟು 889 ಪಂದ್ಯ, 6,726 ಅಸಿಸ್ಟ್. ಅಂದರೆ ಅಷ್ಟು ಸಲ ಬೇರೊಬ್ಬರು ಬುಟ್ಟಿಗೆ ಹಾಕುವಂತೆ ಚೆಂಡು ಕೊಟ್ಟರು. ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ತಂಡದ ಆಟ ನಡೆಸುವವನ ಕೆಲಸವೇ ಅದು. ಚೆಂಡನ್ನು ಸುಮ್ನೆ ಕಳೆದುಕೊಳ್ಳುತ್ತಿದ್ದದ್ದು ಮಾತ್ರ ತೀರಾ ಅಪರೂಪ. ನನಗೆ ಜಾಸ್ತಿ ಇಷ್ಟವಾಗುವ ಸಂಗತಿಯೇ ಇದು.

1993ರ ಏಪ್ರಿಲ್‌ನಲ್ಲಿ ಎದುರಾಳಿ ತಂಡದ ಏಳಡಿಯ ಪ್ಯಾಟ್ರಿಕ್ ಯೂಯಿಂಗ್ ಅವರ ಶಾಟನ್ನೇ ಬೋಗ್ಸ್ ತಡೆದರು. ಹಾರಿ ತಡೆದರು ಅಂತ ಜನ ಬೆರಗಾಗುತ್ತಾರೆ. ಆದರೆ ಯಾವ ಚೆಂಡೂ ಮೇಲೆ ಹೋಗುವ ಮೊದಲು ಕೆಳಗಿನಿಂದಲೇ ಹೊರಡಬೇಕು. ಆ ಕೆಳಗಿನ ಜಾಗ ಬೋಗ್ಸ್ ಅವರದ್ದಾಗಿತ್ತು.

ಆಮೇಲೆ ಮೊಣಕಾಲು ಕಾಡಿತು. 1995–96ರಲ್ಲಿ ಆಡಿದ್ದು ಆರೇ ಪಂದ್ಯ. ಗೋಲ್ಡನ್ ಸ್ಟೇಟ್, ಟೊರಾಂಟೊ ತಂಡಗಳಲ್ಲಿ ಆಡಿ 2001ರಲ್ಲಿ ಎನ್‌ಬಿಎ ಆಟ ಮುಗಿಸಿದರು.

ಮೂಲೆಯಲ್ಲಿ ಒಂದು ಚೆಂಡು ಇಟ್ಟಿದ್ದೇನೆ. ಯಾರಾದರೂ ಬನ್ನಿ. ಮೊಣಕಾಲಿಗಿಂತ ಮೇಲೆ ಏಳದ ಹಾಗೆ ಪುಟಿಸುತ್ತಾ ಆ ಗೋಡೆಯವರೆಗೆ ಹೋಗಿ ಬನ್ನಿ, ನೋಡೋಣ.